ತಿಪ್ಪೆ ಕೆಳಗಿನ ಕಲ್ಲು

ಬೆಂಗಳೂರಿನಲ್ಲಿ ಎರಡು ದಿನ ಸರ್ವೇಯರ್‌ಗಳ ಸಮ್ಮೇಳನ ಮುಗಿಸಿಕೊಂಡು ಶನಿವಾರ ರಾತ್ರಿ ಊರಿಗೆ ಬಂದೆ. ಬ್ಯಾಗಿನಲ್ಲಿ ಮೂರು ಪೆನ್ನು, ಎರಡು ಡೈರಿ, ಡ್ರೋನ್ ಕಂಪನಿಯವರು ಕೊಟ್ಟ ಒಂದು ಟೋಪಿ. ಶಾಲೆ ಜಾಗದ ಗಡಿ ನೋಡೋಕೆ ಭಾನುವಾರ ಬೆಳಿಗ್ಗೆ ಏಳಕ್ಕೇ ಬರ್ತೀನಿ ಅಂತ ಪಕ್ಕದ ಹಳ್ಳಿಯ ಶಾಲೆಯ ಹೆಡ್‌ಮಿಸ್ಸಿಗೆ ಮಾತು ಕೊಟ್ಟಿದ್ದೆ.

ನಾನು ಲೈಸೆನ್ಸ್ ಸರ್ವೇಯರ್. ವಾರವಿಡೀ ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ 11ಇ ನಕ್ಷೆ, ಜಮೀನು ಭಾಗ ಮಾಡುವ ಪೋಡಿ, ಗಡಿ ಗುರುತಿಸುವ ಹದ್ದುಬಸ್ತು, ಇದೇ ಕೆಲಸ. ಆಗಾಗ ಒಂದು ಭಾನುವಾರ ಶಾಲೆ, ಸ್ಮಶಾನ, ಕೆರೆಯಂಥ ಜಾಗ ಇದ್ದರೆ ದುಡ್ಡು ತಗೊಳ್ಳದೆ ನೋಡಿಕೊಡುತ್ತೇನೆ. ಇದು ಅಧಿಕೃತ ಅಳತೆ ಅಲ್ಲ, ಅದಕ್ಕೆ ಅರ್ಜಿ ಹಾಕಲೇಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೂ ಕಾಂಪೌಂಡಿಗೆ ಪಾಯ ತೆಗೆಯುವ ಮುಂಚೆ ಗಡಿ ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಜಗಳ ಅಲ್ಲೇ ಕಮ್ಮಿ.

ಸಮ್ಮೇಳನದಲ್ಲಿ ಮಾತೆಲ್ಲ ಉಪಗ್ರಹದ ಸಿಗ್ನಲ್ ಹಿಡಿದು ಜಾಗ ತೋರಿಸುವ ರೋವರ್, ಡ್ರೋನ್, ಸೆಂಟಿಮೀಟರ್ ಲೆಕ್ಕದ್ದು. ಒಬ್ಬರು ಮಾತ್ರ ಭಾರತದ ಮಹಾ ತ್ರಿಕೋನಮಿತಿ ಸರ್ವೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ ಕಥೆ ಹೇಳಿದರು. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ನೂರಡಿ ಸರಪಳಿ ಹಿಡಿದು ಶುರು ಮಾಡಿದ ಅಳತೆ. ಏಳೂವರೆ ಮೈಲಿ ಗೆರೆಗೆ 57 ದಿನ. ಪಕ್ಕದಲ್ಲಿ ಕೂತಿದ್ದವರು ಮೆಲ್ಲಗೆ, "ನಮಗೂ ಒಂದು ಪೋಡಿಗೆ ಅಷ್ಟು ದಿನ ಕೊಟ್ಟಿದ್ದರೆ!" ಅಂದರು. ಅಲ್ಲಿಂದ ಇಬ್ಬರೂ ಚಹಾಕ್ಕೆ ಎದ್ದೆವು. ನಿಜ ಹೇಳಬೇಕೆಂದರೆ ಇಂಥ ಕಡೆ ಒಳಗಿನ ಭಾಷಣಕ್ಕಿಂತ ಹೊರಗಿನ ಚಹಾದಲ್ಲೇ ಜಾಸ್ತಿ ಕಲಿಯೋದು. ಹಾವೇರಿ ಕಡೆಯ ಹಿರಿಯರೊಬ್ಬರು ಸಿಕ್ಕರು. ಶಾಲೆಯ ಒಂದು ಮೂಲೆಯ ಗಡಿ ಕಲ್ಲು ಕಾಣೆಯಾಗಿದೆ ಅಂದೆ. "ಕಲ್ಲು ಎಲ್ಲೂ ಹೋಗಿರೂದಿಲ್ರೀ. ಮೊದ್ಲ ತಿಪ್ಪಿ ಕೆಳಗ ನೋಡ್ರಿ" ಅಂದು ಬಿಸ್ಕತ್ತು ಅದ್ದಿಕೊಂಡರು.

ಭಾನುವಾರ ಹೋದಾಗ ಹದಿನೈದು ಮಕ್ಕಳು ಆಗಲೇ ಬಂದು ಕಾಯುತ್ತಿದ್ದರು. ಸ್ನೇಹಿತನಿಂದ ತಂದಿದ್ದ ರೋವರ್ ಅನ್ನು ಜಂಬದಿಂದ ನಿಲ್ಲಿಸಿದೆ. "ಇದು ಆಕಾಶದಲ್ಲಿರೋ ಉಪಗ್ರಹದ ಜೊತೆ ಮಾತಾಡುತ್ತೆ" ಅಂದೆ. ಮಾತಾಡಲಿಲ್ಲ. ಮೊಬೈಲ್ ನೆಟ್‌ವರ್ಕ್ ಒಂದೇ ಕಡ್ಡಿ, ಮೇಲೆ ಹೊಂಗೆ ಮರ. ಎಷ್ಟು ಕಾದರೂ ಫಿಕ್ಸ್, ಅಂದರೆ ನಿಖರ ಜಾಗ, ಬರಲಿಲ್ಲ, ಅಂದಾಜಿನ ಫ್ಲೋಟ್‌ನಲ್ಲೇ ನಿಂತಿತು. ಬೇಲಿ ಆಚೆಯಿಂದ ಜಮೀನಿನ ಯಜಮಾನರು, "ಏನ್ ಸಾಮಿ, ಆಕಾಸ್ದೋರು ಫೋನ್ ಎತ್ತುತಾ ಇಲ್ವಾ?" ಅಂದರು. ಮಕ್ಕಳು ಕಿಸಕ್ಕನೆ ನಕ್ಕವು.

ಫಿಕ್ಸ್ ಬಂದಿದ್ದರೂ ಅಷ್ಟೇ. ಹಳೇ ಸರ್ವೆ ದಾಖಲೆಯಾದ ಟಿಪ್ಪಣಿಯಲ್ಲಿ ಅಕ್ಷಾಂಶ ರೇಖಾಂಶ ಎಲ್ಲಿರುತ್ತೆ? ಅಲ್ಲಿರೋದು ಸರಪಳಿ, ಆಣೆ. 33 ಅಡಿಗೆ ಒಂದು ಸರಪಳಿ, ಅದರಲ್ಲಿ ಹದಿನಾರು ಆಣೆ. ಬಡಗಣ ಕಲ್ಲಿಂದ ಕಾಣೆಯಾದ ಕಲ್ಲಿಗೆ 5 ಸರಪಳಿ 4 ಆಣೆ ಅಂತಿತ್ತು. ಅಂದರೆ 173 ಅಡಿ 3 ಇಂಚು. ಮೂಡಣ ಕಲ್ಲಿಂದ ಇನ್ನೊಂದು ಅಳತೆ. ರೋವರ್ ಮಡಚಿ ಟೇಪು ಬಿಚ್ಚಿದೆ. ಎರಡೂ ಕಲ್ಲಿಂದ ಟೇಪು ಎಳೆದು, ಎರಡೂ ಅಳತೆ ಕೂಡುವ ಜಾಗಕ್ಕೆ ಬಂದರೆ ಎದುರಿಗೆ ಯಜಮಾನರ ತಿಪ್ಪೆ!

ಅವರೇ ಗುದ್ದಲಿ ತಂದರು. ಮೊಣಕಾಲುದ್ದ ಗೊಬ್ಬರ ಎಳೆದ ಮೇಲೆ ಟಣ್ ಅಂತು. ಹಸಿರುಗಟ್ಟಿದ ಬಾಂದು ಕಲ್ಲು, ಬಗ್ಗದೆ ನೆಟ್ಟಗೆ ನಿಂತಿತ್ತು. ಹೆಡ್‌ಮಿಸ್ಸು ಚಪ್ಪಾಳೆ ತಟ್ಟಿದರು. ತಿಪ್ಪೆ ಶಾಲೆ ಜಾಗಕ್ಕೆ ಬಂದಿದೆ ಅನ್ನೋದು ಅವರ ಅನುಮಾನ. ಕಲ್ಲಿಂದ ಕಲ್ಲಿಗೆ ದಾರ ಕಟ್ಟಿದಾಗ ನೋಡಿದರೆ ತಿಪ್ಪೆ ಪೂರ್ತಿ ಆಚೆ ಕಡೆ. ಶಾಲೆಯ ದಾಸವಾಳದ ಸಾಲೇ ಯಜಮಾನರ ಜಮೀನಿಗೆ ಎರಡಡಿ ನುಗ್ಗಿತ್ತು. ಮಿಸ್ಸಿನ ಮುಖ ಸಣ್ಣದಾಯಿತು. ನಾನು ದಾರ ನೋಡುತ್ತಾ ನಿಂತೆ. ಕರೆಸಿದವರ ಕಡೆಗೇ ಅಳತೆ ಬರಬೇಕು ಅಂದರೆ ಆಗುತ್ತಾ?

"ಗಿಡ ಕೀಳಬ್ಯಾಡ್ರಮ್ಮ. ಗೋಡೆ ಮಾತ್ರ ದಾರದ ಮ್ಯಾಲೇ ಬರ್ಲಿ, ಹೂ ನಮ್ಮನೆ ದೇವ್ರಿಗಾಯ್ತದೆ" ಅಂದರು ಯಜಮಾನರು. ಮಿಸ್ಸು ನಕ್ಕರು.

ಹೊರಡುವ ಮುಂಚೆ ಮಕ್ಕಳ ಕೈಗೆ ನಾಲ್ಕು ಹಗ್ಗ ಕೊಟ್ಟು 33 ಅಡಿಯ ಚೌಕ ಮಾಡಿಸಿದೆ. "ಇದು ಒಂದು ಗುಂಟೆ, ಇದರಲ್ಲೂ ಹದಿನಾರು ಆಣೆ. ಇಂಥವು ನಲವತ್ತು ಸೇರಿದರೆ ಎಕರೆ." ಎಲ್ಲರೂ ಒಳಗೆ ನುಗ್ಗಿ ಕುಣಿದರು. ಒಬ್ಬ ಹುಡುಗ ಮಾತ್ರ ಹಗ್ಗ ಹಿಡಿದೇ ನಿಂತಿದ್ದ.

"ನಮ್ಮಪ್ಪಂದು ಒಂದೆಕರೆ ಹತ್ತು ಗುಂಟೆ. ಇಂಥವು ಎಷ್ಟು ಸಾರ್?"

"ಐವತ್ತು."

ಬೆರಳು ಮಡಚಿ ಏನೋ ಲೆಕ್ಕ ಹಾಕಿದ. "ನಾವು ಮೂರು ಜನ ಅಣ್ತಮ್ಮಂದ್ರು ಸಾರ್. ಸರಿಯಾಗಿ ಭಾಗ ಆಗಲ್ಲ, ಅಲ್ವಾ?"

"ಒಬ್ಬೊಬ್ಬರಿಗೆ ಹದಿನಾರು ಗುಂಟೆ, ಹತ್ತೂ ಮುಕ್ಕಾಲು ಆಣೆ ಹತ್ತಿರ ಬರುತ್ತೆ" ಅಂದು ಟೇಪು ಸುತ್ತತೊಡಗಿದೆ.