ಡಿಕ್ಕಿ ಮುಚ್ಚಿದ ಹುಡುಗನದು ತಪ್ಪಲ್ಲ

ದಾವಣಗೆರೆಯಲ್ಲಿ ಬ್ಯಾಟರಿ ಅಂಗಡಿ ಕೆಲಸ ಅಂದರೆ ಬಹುಪಾಲು ಲಾರಿ, ಟ್ರ್ಯಾಕ್ಟರ್, ಆಟೋ, ಮನೆಯ ಯುಪಿಎಸ್. ಪಿ.ಬಿ. ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಗೆ ಮೊಬೈಲ್ ಟಾರ್ಚ್ ಬೆಳಕಲ್ಲಿ ಬ್ಯಾಟರಿ ಹಾಕಿ ಬಂದವನು ನಾನು. ಹಾಗಾಗಿ ಎಂಸಿಸಿ ಬಿ ಬ್ಲಾಕಿನ ಒಂದು ಮನೆಯಿಂದ, ದೊಡ್ಡ ಎಸ್‌ಯುವಿ ಸ್ಟಾರ್ಟ್ ಆಗ್ತಿಲ್ಲ, ಮನೆಗೇ ಬಂದು ಬ್ಯಾಟರಿ ಹಾಕಿ ಕೊಡ್ತೀರಾ ಅಂತ ಫೋನ್ ಬಂದಾಗ ಹಿಂದೆ ಮುಂದೆ ನೋಡಲಿಲ್ಲ. ಬ್ಯಾಟರಿ ಎಲ್ಲಿದ್ದರೂ ಬ್ಯಾಟರಿನೇ ಅಲ್ವಾ?

ಗಾಡಿಯ ಯಜಮಾನರು ಬೆಂಗಳೂರಿನಲ್ಲಿದ್ದರು. ಮನೆಯಲ್ಲಿ ಅವರ ತಾಯಿ, ಮತ್ತೆ ಕೆಲಸಕ್ಕಿದ್ದ ಒಬ್ಬ ಹುಡುಗ. ಗಾಡಿ ಶೆಡ್ಡಿನಲ್ಲಿ ಮೂರು ವಾರದಿಂದ ಅಲುಗಾಡದೆ ನಿಂತಿತ್ತು. ರಿಮೋಟ್ ಒತ್ತಿದರೆ ಚಕಾರವಿಲ್ಲ. ರಿಮೋಟಿನ ಹೊಟ್ಟೆಯೊಳಗೇ ಒಂದು ಕಬ್ಬಿಣದ ಕೀ ಇರುತ್ತದೆ, ಅದರಿಂದ ಡ್ರೈವರ್ ಬಾಗಿಲು ತೆಗೆದೆ. ಬೆಳಕಿಗೆ ತಳ್ಳೋಣ ಅಂದರೆ ಗೇರ್ ಪಾರ್ಕಿನಲ್ಲಿ ಕಚ್ಚಿಕೊಂಡಿದೆ. ಕರೆಂಟ್ ಇಲ್ಲದೆ ಅದು ಬಿಡುವುದಿಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿನೇ ಇಲ್ಲ! ಕೆಂಪು ಮುಚ್ಚಳದ ಒಂದು ಪ್ಲಸ್ ಪಾಯಿಂಟು, ಪಕ್ಕದಲ್ಲಿ ಅರ್ತ್ ಬೋಲ್ಟು, ಅಷ್ಟೇ. ಬ್ಯಾಟರಿ ಡಿಕ್ಕಿಯ ನೆಲದಡಿ ಇತ್ತು. ಆಡಿ ಕ್ಯೂ7 ತರಹದ ಗಾಡಿಯಲ್ಲಾದರೆ ಮುಂದಿನ ಸೀಟಿನ ಕೆಳಗೆ ಹುಡುಕಬೇಕು.

ಬಾನೆಟ್ಟಿನ ಪಾಯಿಂಟುಗಳಿಗೇ ಚಾರ್ಜರ್ ಕೊಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಚಾರ್ಜರ್ ತೆಗೆದು ಒಂದು ಗಂಟೆ ಬಿಟ್ಟು ಮೀಟರ್ ಇಟ್ಟರೆ 10.5. ಇದರಲ್ಲಿ ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್, ಒಟ್ಟು 12.6 ಇರಬೇಕು. ಸರಿಯಾಗಿ ಒಂದು ಸೆಲ್ಲಿನಷ್ಟು ಕಡಿಮೆ ಅಂದರೆ ಒಂದು ಸೆಲ್ ಸತ್ತಿದೆ ಅಂತಲೇ ಲೆಕ್ಕ. ಇನ್ನು ಅದಕ್ಕೆ ಎಷ್ಟು ಚಾರ್ಜ್ ಕೊಟ್ಟರೂ ಸುಮ್ನೆ.

ಯಜಮಾನರು ಫೋನಿನಲ್ಲಿ, "ಮಾಮೂಲಿ ಬ್ಯಾಟರಿ ಕೂರಲ್ವೇನ್ರೀ? ರೇಟು ಕಡಿಮೆ ಇದೆಯಲ್ಲ" ಅಂದರು. ಕೂರುವುದೇನೋ ಕೂರುತ್ತದೆ. ಆದರೆ ಸಿಗ್ನಲ್ಲಿನಲ್ಲಿ ಇಂಜಿನ್ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಗಾಡಿ ಅದು. ಆ ಹೊಡೆತ ತಡೆಯುವುದಕ್ಕೇ ಎಜಿಎಂ ಬ್ಯಾಟರಿ ಹಾಕಿರುತ್ತಾರೆ. ಅದರಲ್ಲಿ ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ, ತುಳುಕುವುದಿಲ್ಲ. ಎಜಿಎಂ ಬಿಟ್ಟು ಬೇರೆ ಹಾಕಲ್ಲ ಅಂದೆ. ಒಪ್ಪಿದರು.

ಡಿಕ್ಕಿ ತೆಗೆದೆ. ಮೊದಲು ಮೈನಸ್, ಆಮೇಲೆ ಪ್ಲಸ್. ಈ ಕ್ರಮ ಯಾಕೆ ಅಂದರೆ, ಗಾಡಿಯ ಇಡೀ ಬಾಡಿ ಮೈನಸ್ಸೇ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ವೆಲ್ಡಿಂಗ್ ತರಹ ಕಿಡಿ ಹಾರುತ್ತದೆ. ಉಂಗುರ, ವಾಚು ತೆಗೆದಿಡುವುದೂ ಅದಕ್ಕೇ. ಮೈನಸ್ ಕ್ಲಾಂಪಿನ ಮೇಲೆ ಸಣ್ಣ ಸೆನ್ಸರ್ ಕೂತಿತ್ತು. ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿಯುತ್ತದೆ, ಕೈಯಲ್ಲೇ ಮೆಲ್ಲಗೆ ಅಲುಗಿಸಿ ತೆಗೆಯಬೇಕು. ಗ್ಯಾಸ್ ಹೊರಗೆ ಹೋಗುವ ಪೈಪನ್ನೂ ಬಿಚ್ಚಿ, 25 ಕೆಜಿಗೂ ಜಾಸ್ತಿ ತೂಗುವ ಹಳೇ ಬ್ಯಾಟರಿ ಎತ್ತಿ ಕೆಳಗಿಟ್ಟೆ. ಹೊಸದನ್ನು ತರೋಕೆ ಗೇಟಿನ ಹೊರಗಿದ್ದ ನನ್ನ ಓಮ್ನಿಗೆ ಹೋದೆ.

ಅಷ್ಟರಲ್ಲಿ ಗಾಳಿ ಎದ್ದು ಧೂಳು ಶೆಡ್ಡಿಗೆ ನುಗ್ಗಿತು. ಗಾಡಿಯೊಳಗೆ ಧೂಳು ಹೋಗದಿರಲಿ ಅಂತ ಪಾಪ, ಆ ಹುಡುಗ ಡಿಕ್ಕಿ ಎಳೆದು ಮುಚ್ಚಿಬಿಟ್ಟ.

ಡಿಕ್ಕಿಯ ಲಾಕ್ ಕರೆಂಟಿನದು. ಕರೆಂಟ್ ಕೊಡುವ ಬ್ಯಾಟರಿ ನನ್ನ ಕೈಯಲ್ಲಿದೆ. ಅದನ್ನು ಕೂರಿಸಬೇಕಾದ ಜಾಗ ಡಿಕ್ಕಿಯೊಳಗಿದೆ.

ಹೊರಗಿನ ಬ್ಯಾಟರಿಯಿಂದ ಬಾನೆಟ್ ಪಾಯಿಂಟಿಗೆ ಜಂಪ್ ಕೇಬಲ್ ಹಾಕಿದರೆ ಡಿಕ್ಕಿ ತೆರೆಯುತ್ತದೆ ಅಂತ ತಕ್ಷಣ ಹೊಳೆಯಿತು. ಕೇಬಲ್ ಕೈಗೆ ತೆಗೆದುಕೊಂಡವನು ಅಲ್ಲೇ ನಿಂತೆ. ಒಳಗೆ ಬಿಚ್ಚಿಟ್ಟ ಪ್ಲಸ್ ಕ್ಲಾಂಪ್ ಎಲ್ಲಿ ಬಿದ್ದಿದೆ? ಮುಂದೆ ಕರೆಂಟ್ ಕೊಟ್ಟರೆ ಅದೇ ತಂತಿಯಲ್ಲಿ ಅಲ್ಲಿಗೂ ಬರುತ್ತದೆ. ಅದಕ್ಕೆ ಬಟ್ಟೆ ಸುತ್ತಿದ್ದೆನಾ? ಇಲ್ಲ. ಎರಡೇ ನಿಮಿಷದ ಕೆಲಸ ಅಂತ ಬಿಟ್ಟಿದ್ದೆ.

ಪುಣ್ಯಕ್ಕೆ ಬಾಗಿಲುಗಳು ಲಾಕ್ ಆಗಿರಲಿಲ್ಲ. ಹಿಂದಿನ ಸೀಟು ಮಡಚಿ, ಹೊಟ್ಟೆ ಮೇಲೆ ತೆವಳಿಕೊಂಡು ಡಿಕ್ಕಿಗೆ ಇಳಿದೆ. ಹೊರಗಿನಿಂದ ಅಜ್ಜಿ ಗಾಜಿಗೆ ಮುಖ ಇಟ್ಟು, "ಅಷ್ಟು ದುಡ್ಡು ಕೊಟ್ಟು ತಂದ ಗಾಡಿ, ಹೊಕ್ಕೋಕೆ ಒಂದು ನೆಟ್ಟಗಿನ ಬಾಗಿಲಿಲ್ವೇನಪ್ಪಾ?" ಅಂದರು. ಕ್ಲಾಂಪ್ ನೋಡಿದೆ. ಬ್ಯಾಟರಿ ಕೂರುವ ತಗಡಿಗೂ ಅದಕ್ಕೂ ಒಂದು ಬೆರಳಿನ ಅಂತರ. ಜೇಬಿನ ಕರ್ಚೀಫನ್ನೇ ಬಿಗಿಯಾಗಿ ಸುತ್ತಿ ಹೊರಗೆ ಬಂದೆ. ಆಮೇಲೆ ಜಂಪ್ ಕೇಬಲ್ ಹಾಕಿ ಬಟನ್ ಒತ್ತಿದೆ. ಡಿಕ್ಕಿ ಏನೂ ಆಗದವರ ಹಾಗೆ ನಿಧಾನಕ್ಕೆ ಮೇಲೆದ್ದಿತು.

ಈಗ ಓಮ್ನಿಯಲ್ಲಿ ಸೈಕಲ್ ಟ್ಯೂಬಿನ ತುಂಡುಗಳಿವೆ. ಕ್ಲಾಂಪ್ ಬಿಚ್ಚಿದ ತಕ್ಷಣ ಅದಕ್ಕೆ ಟ್ಯೂಬ್ ತೊಡಿಸುತ್ತೇನೆ. ಡಿಕ್ಕಿಯ ಲಾಕಿಗೆ ದಪ್ಪ ಬಟ್ಟೆ ಕಟ್ಟುತ್ತೇನೆ, ಯಾರು ಎಳೆದರೂ ಕಚ್ಚಬಾರದು. ಬಿಚ್ಚುವ ಮುಂಚೆ ಡ್ರೈವರ್ ಗಾಜು ಇಳಿಸಿ, ಕೀ ನನ್ನ ಜೇಬಿಗೆ. ಮನೆಯಲ್ಲಿ ನೀವೇ ಬದಲಿಸುವುದಾದರೂ ಇಷ್ಟು ಮಾಡಿಕೊಳ್ಳಿ.

ಹೊಸದು ಕೂತು ಇಂಜಿನ್ ಸ್ಟಾರ್ಟ್ ಆದಾಗ ಡ್ಯಾಶ್‌ಬೋರ್ಡಿನಲ್ಲಿ ಜಾತ್ರೆಯ ದೀಪದ ಹಾಗೆ ವಾರ್ನಿಂಗುಗಳು. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ಓಡಿಸಿದ ಮೇಲೆ ಒಂದೊಂದಾಗಿ ಆರಿದವು. ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಈ ಗಾಡಿಗಳು ಬ್ಯಾಟರಿಯ ವಯಸ್ಸು ನೋಡಿ ಚಾರ್ಜ್ ಮಾಡುತ್ತವೆ. ಹೊಸದು ಬಂದಿದೆ ಅಂತ ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಹೇಳದಿದ್ದರೆ, ಮುದುಕನಿಗೆ ಉಣಿಸಿದ ಹಾಗೇ ಹುಡುಗನಿಗೂ ಉಣಿಸುತ್ತವೆ, ಬ್ಯಾಟರಿ ಬೇಗ ಹಾಳಾಗುತ್ತದೆ. ನನ್ನ ಹತ್ತಿರ ಆಗ ಅಂಥ ಸ್ಕ್ಯಾನರ್ ಇರಲಿಲ್ಲ. ಮಾರನೇ ದಿನ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿ ರಿಜಿಸ್ಟರ್ ಮಾಡಿಸಿದೆ. ಅವನ ಚಾರ್ಜು ನನ್ನ ಕೈಯಿಂದಲೇ ಹೋಯಿತು, ಮೊದಲೇ ಕೇಳಿ ರೇಟು ಹೇಳದಿದ್ದದ್ದು ನಾನೇ ತಾನೇ.

ಅವನೇ ಕನ್ನಡಿಯ ಹಿಂದಿದ್ದ ಕ್ಯಾಮೆರಾ ತೋರಿಸಿದ. ಯಾರೋ ಅದರ ವೈರನ್ನು ಸದಾ ಕರೆಂಟ್ ಇರುವ ಫ್ಯೂಸಿಗೆ ಕೊಟ್ಟಿದ್ದರು. ಗಾಡಿ ಮೂರು ವಾರ ಶೆಡ್ಡಿನ ಗೋಡೆಯನ್ನೇ ರೆಕಾರ್ಡ್ ಮಾಡುತ್ತಾ ನಿಂತಿತ್ತು.