ಕಣ್ಣಿಗೊಂದು, ಕಿವಿಗೊಂದು

ಇಂದು ರಾತ್ರಿ ಊಟವಾದ ಮೇಲೆ ಕೈಗೆತ್ತಿಕೊಂಡ ಜಪಾನಿ ಲೈಟ್ ನಾವೆಲಿನ (ಹೆಚ್ಚಾಗಿ ಹರೆಯದವರಿಗೆಂದು ಬರೆಯುವ ಹಗುರ ಕಾದಂಬರಿ) ಒಂದೇ ಸಾಲಿನಲ್ಲಿ ಅರ್ಧ ಗಂಟೆ ಕಳೆದುಬಿಟ್ಟೆ.

ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುವುದರಿಂದ ಜಪಾನಿ ವ್ಯಾಕರಣ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದೆಲ್ಲ ಕಾಂಜಿ ಲಿಪಿ, ಅಂದರೆ ಚೀನಾದಿಂದ ಬಂದ, ಅರ್ಥವನ್ನೇ ಸೂಚಿಸುವ ಅಕ್ಷರಗಳು.

ಮೇಲಿನಿಂದ ಕೆಳಕ್ಕಿಳಿಯುವ ಆ ಸಾಲಿನಲ್ಲಿ ‘ಪವಿತ್ರ ಖಡ್ಗ’ ಎಂಬರ್ಥದ ಎರಡು ಕಾಂಜಿಗಳಿದ್ದವು. ‘ಸೇಕೆನ್’ ಎಂದು ಓದಿಕೊಂಡು ಮುಂದೆ ಹೋಗುವುದರಲ್ಲಿದ್ದೆ. ಆದರೆ ಅವುಗಳ ಬಲಕ್ಕೆ ಇರುವೆಸಾಲಿನಂತೆ ಅಚ್ಚಾಗಿದ್ದ ಫುರಿಗಾನಾ, ಅಂದರೆ ಉಚ್ಚಾರಣೆಯನ್ನು ತಿಳಿಸುವ ಪುಟ್ಟ ಅಕ್ಷರಗಳು, ‘ಎಕುಸುಕರಿಬಾ’ ಎನ್ನುತ್ತಿದ್ದವು: ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಖಡ್ಗ ಎಕ್ಸ್‌ಕ್ಯಾಲಿಬರ್! ಅರ್ಥವನ್ನು ಕಾಂಜಿ ಹೇಳಿದರೆ ಹೆಸರನ್ನು ಪಕ್ಕದ ಕಿರಿಯಕ್ಷರಗಳು ಹೇಳುತ್ತವೆ.

ಜಪಾನಿ ಚಿತ್ರಕಥೆಗಳಾದ ಮಾಂಗಾಗಳಲ್ಲಿಯೂ ‘ಬಾಹ್ಯಾಕಾಶ’ ಎಂದು ಬರೆದು, ಪಕ್ಕದಲ್ಲಿ ‘ಸೊರಾ’, ಅಂದರೆ ಬರಿಯ ಆಕಾಶ, ಎಂದು ಓದಿಸುವುದುಂಟು. ಬರೆದಂತೆ ಓದುವ ನಮ್ಮ ಲಿಪಿಗೆ ಈ ಚೇಷ್ಟೆ ಒಗ್ಗುವುದಿಲ್ಲ (ನಮಗೆ ಶ್ಲೇಷೆಯಿದೆ, ಆದರೆ ಅದರ ಜಾಡೇ ಬೇರೆ). ಅನುವಾದಕರು ಇಂಥಲ್ಲಿ ಎರಡು ಪದಗಳಲ್ಲಿ ಒಂದನ್ನು ಬಿಟ್ಟುಕೊಟ್ಟರೆ ಅವರನ್ನು ದೂರಲು ನನಗೆ ಮನಸ್ಸಾಗದು.

ನಾಯಕ ಆ ಖಡ್ಗವನ್ನು ಇನ್ನೂ ಒರೆಯಿಂದ ಹಿರಿದಿಲ್ಲ; ನನಗೋ ನಿದ್ದೆ ಎಳೆಯುತ್ತಿದೆ.