ಮೊದಲು ವಯಸ್ಸು ಕೇಳ್ರಿ

ಬಿ.ಎಡ್. ಕಾಲೇಜಿನಲ್ಲಿ ನಮಗೆ ಕಲಿಸಿದ ಸರ್ ಈ ವರ್ಷ ತೀರಿಕೊಂಡರು. ಪೇಪರಿನಲ್ಲಿ ಸುದ್ದಿ ಬಂತು. ವಿಶ್ವವಿದ್ಯಾಲಯದ ಶಿಕ್ಷಣ ನಿಕಾಯದ ಡೀನ್ ಆಗಿದ್ದರು, ಬಹಳ ಮಂದಿಗೆ ಪಿಎಚ್‌ಡಿ ಮಾಡಿಸಿದ್ದರು ಅಂತೆಲ್ಲ ಇತ್ತು. ಎಲ್ಲಾ ನಿಜ. ಆದರೆ ಅವರ ಶನಿವಾರಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಶನಿವಾರಗಳನ್ನು ನೋಡಿದವರು ನಾವು, ಹಾಗಾಗಿ ನಾವೇ ಬರೆಯಬೇಕು.

ನಾನು ವಿಜಯಪುರದ ಈ ಕಾಲೇಜಿನಲ್ಲಿ ಬಿ.ಎಡ್. ಓದಿದ್ದು 1990ರ ದಶಕದಲ್ಲಿ. ವಿಜಯಪುರ ಆಗ ಬಿಜಾಪುರ. ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಏನೇನು ಪೇಪರ್ ಇದ್ದವು ಅಂತ ಕೇಳಿದರೆ ಈಗ ಹೇಳಲಾರೆ. ಸರ್ ಮಾತ್ರ ಕಣ್ಣಮುಂದೆ ಇದ್ದಾರೆ. ಬಿಳಿ ಅರ್ಧ ತೋಳಿನ ಅಂಗಿ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ.

ಶನಿವಾರ ಮುಂಜಾನೆ ಶಾಲೆ ಅಲ್ವಾ, ಆ ಹೊತ್ತಿಗೆ ಅವರು ಯಾವುದಾದರೂ ಕನ್ನಡ ಶಾಲೆಗೆ ಹೋಗಿಬಿಡುತ್ತಿದ್ದರು. ಮಾಸ್ತರರು 'ದಡ್ಡ' ಅಂತ ಹಿಂದಿನ ಸಾಲಿಗೆ ಕೂರಿಸಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಬಿನೆ-ಕಾಮತ್ ಬುದ್ಧಿ ಪರೀಕ್ಷೆಯ ಕಾರ್ಡುಗಳು, ಸ್ಟಾಪ್‌ವಾಚ್, ಉತ್ತರ ಬರೆಯುವ ಹಾಳೆಗಳು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ ಈ ತರಹದ ಪರೀಕ್ಷೆ ಮಾಡಿದ್ದು ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲು. ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತರು. ಅವರ ಪುಸ್ತಕ ಬಂದದ್ದು 1940ರಲ್ಲಿ. "ಇದು ಸಹಾಯ ಮಾಡಲಿಕ್ಕೆ ಹುಟ್ಟಿದ ಪರೀಕ್ಷೆ, ಹೊರಗ ಹಾಕಲಿಕ್ಕೆ ಅಲ್ಲ" ಅಂತ ಸರ್ ಪ್ರತಿ ವರ್ಷ ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು.

ಪೆಟ್ಟಿಗೆ ತೆರೆಯುವ ಮೊದಲು ಅವರು ಮಗುವಿನ ತಾಯಿಯನ್ನು ಕರೆಸುತ್ತಿದ್ದರು. ನಮ್ಮ ಕಡೆ ಬಹಳ ಜನರ ಹುಟ್ಟಿದ ದಿನ ಜೂನ್ 1. ಹೆಸರು ಹಚ್ಚುವಾಗ ಹೆಡ್ ಮಾಸ್ತರು ಅಂದಾಜಿನಲ್ಲಿ ಬರೆದದ್ದು. ಶಾಲೆಗೆ ಅದು ನಡೆಯುತ್ತದೆ, ಈ ಪರೀಕ್ಷೆಗೆ ನಡೆಯುವುದಿಲ್ಲ. ಯಾಕೆಂದರೆ ಇದರಲ್ಲಿ ಮಾನಸಿಕ ವಯಸ್ಸನ್ನು (ಮಗುವಿನ ಉತ್ತರ ಎಷ್ಟು ವರ್ಷದವರ ಮಟ್ಟದ್ದೋ ಅದು) ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಎಂಟು ವರ್ಷದ ಹುಡುಗ ಎಂಟು ವರ್ಷದವನ ಹಾಗೇ ಉತ್ತರ ಕೊಟ್ಟರೆ ಅಂಕ 100. ದಾಖಲೆಯಲ್ಲಿ ಹತ್ತು ವರ್ಷ ಅಂತ ಇದ್ದರೆ ಅದೇ ಹುಡುಗನ ಅಂಕ 80. ಹುಡುಗ ಅವನೇ, ಉತ್ತರ ಅವೇ, ಹೆಡ್ ಮಾಸ್ತರ ಪೆನ್ನಿಗೆ ಸಿಕ್ಕು ದಡ್ಡನಾಗಿಬಿಟ್ಟ! ಅದಕ್ಕೇ ಸರ್ ಕೇಳುತ್ತಿದ್ದರು, "ಯವ್ವಾ, ಇಂವ ಹುಟ್ಟಿದಾಗ ಹೊಲದಾಗ ಜ್ವಾಳ ಇತ್ತೋ, ಕೊಯ್ದಿದ್ರೋ? ಹೊಳಿ ಬಂದ ವರ್ಷ ಹೌದೋ ಅಲ್ಲೋ?" ತಾಯಂದಿರು ಲೆಕ್ಕ ಹಾಕಿ ಸರಿಯಾಗಿ ಹೇಳುತ್ತಿದ್ದರು.

ಈಗ ನಮ್ಮ ಬ್ಯಾಚಿನ ಹುಡುಗರ ಕಥೆ. ಎಲ್ಲರೂ ಒಂದೊಂದು ಮಗುವಿಗೆ ಪರೀಕ್ಷೆ ಕೊಟ್ಟು ವರದಿ ಬರೆಯಬೇಕಿತ್ತು. ಊರಿನ ಸಿದ್ಧೇಶ್ವರ ಜಾತ್ರೆ ಬಂದಿತ್ತು. ಹಾಸ್ಟೆಲ್ಲಿನ ನಾಲ್ಕೈದು ಹುಡುಗರು ಶಾಲೆಯ ಕಡೆ ತಲೆ ಹಾಕದೆ, ಮದ್ದು ಸುಡುವುದನ್ನು ನೋಡಿಕೊಂಡು ಬಂದು, ರಾತ್ರಿ ಕೂತು ಇಲ್ಲದ ಮಕ್ಕಳ ಹೆಸರು ಹುಟ್ಟಿಸಿ ಹಾಳೆ ತುಂಬಿಬಿಟ್ಟರು. ಸರ್ ಕ್ಲಾಸಿನಲ್ಲಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ಜನವರಿ 14. ಸಂಕ್ರಮಣದ ದಿನ ಸಾಲಿ ತೆರದಿತ್ತೇನ್ರಿ?" ಯಾರೂ ಉಸಿರು ಬಿಡಲಿಲ್ಲ. ನಾವು ಹುಡುಗಿಯರು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದೆವು.

ಅವರು ಬೈಯಲಿಲ್ಲ. ಪೆಟ್ಟಿಗೆ ತರಿಸಿದರು. ಗುಂಪಿನ ಮುಖಂಡನನ್ನು ಎದುರಿಗೆ ಕೂರಿಸಿ, ಸ್ಟಾಪ್‌ವಾಚ್ ಒತ್ತಿ, ತಾವು ಹೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳು ಅಂದರು. ಪದವಿ ಮುಗಿಸಿದ ಗಟ್ಟಿ ಹುಡುಗ, ಎಲ್ಲರೂ ನೋಡುತ್ತಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಐದನೆಯ ಅಂಕಿಗೆ ತೊದಲಿದ, ಮತ್ತೆ ತೊದಲಿದ, ಬೆವರು ಒರೆಸಿಕೊಂಡ. ಸರ್ ಸ್ಟಾಪ್‌ವಾಚ್ ನಿಲ್ಲಿಸಿ, "ಈಗ ತಿಳೀತಲ್ಲ, ಕೂಸಿಗೆ ಹೆಂಗ ಅನಸ್ತದ ಅಂತ" ಅಂದರು. ಮರುದಿನ ಅವರನ್ನೆಲ್ಲ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಹುಡುಗನ ಬೆನ್ನ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಅವನು ತಿರುಗಲೇ ಇಲ್ಲ. ಕಿವಿ ಸೋರಿ ಸೋರಿ ಅರ್ಧ ಕೇಳಿಸುತ್ತಿರಲಿಲ್ಲ, ಎಲ್ಲರೂ ಬುದ್ಧಿ ಕಮ್ಮಿ ಅಂದುಕೊಂಡಿದ್ದರು. ಅವತ್ತೇ ಆಸ್ಪತ್ರೆಗೆ ಕಳಿಸಿದರು. ಆ ಮುಖಂಡ ಈಗ ತನ್ನ ಶಾಲೆಯ ಮಕ್ಕಳ ಕಿವಿ, ಕಣ್ಣು ನೋಡಿಸದೆ ಯಾರ ಬಗ್ಗೆಯೂ ಒಂದು ಮಾತು ಆಡುವುದಿಲ್ಲ.

ಡೀನ್ ಆದ ಮೇಲೂ ಸರ್ ಬದಲಾಗಲಿಲ್ಲ. ಬೋರ್ಡ್ ಮೀಟಿಂಗ್, ವೈವಾ, ಹೊಸ ಕಾಲೇಜುಗಳ ತಪಾಸಣೆ, ಎಲ್ಲ ಮುಗಿಸಿ ಶುಕ್ರವಾರ ರಾತ್ರಿ ಕೆಂಪು ಬಸ್ಸು ಹತ್ತಿ ಊರಿಗೆ ಬರುತ್ತಿದ್ದರು. ನಿಕಾಯದ ಸಭೆಗಳಲ್ಲಿ ಅವರು ಜಾಸ್ತಿ ಜಗಳ ಆಡಿದ್ದು ಒಂದೇ ವಿಷಯಕ್ಕೆ: ಬಿ.ಎಡ್. ಮಾಡುವವರು ಒಂದು ಮಗುವಿನ ಜೊತೆ ವಾರಗಟ್ಟಲೆ ಕೂತು ಬರೆಯುವ ವರದಿಗೆ ಹೆಚ್ಚು ಅಂಕ ಇರಬೇಕು ಅಂತ.

2015ರಿಂದ ಬಿ.ಎಡ್. ಎರಡು ವರ್ಷ ಆಗಿದೆ. ಕಾಲ ಹೆಚ್ಚಾಯಿತು, ಮಗುವಿನ ಎದುರು ಕೂರುವುದು ಹೆಚ್ಚಾಯಿತೇ? ವರದಿಗಳು ಝೆರಾಕ್ಸ್ ಅಂಗಡಿಯಲ್ಲೇ ಸಿದ್ಧವಾಗಿ ಸಿಗುತ್ತವೆ ಅಂದರೆ ಹೊಟ್ಟೆ ಉರಿಯುತ್ತದೆ. ಕಾನೂನಿಗೇನೂ ಕೊರತೆ ಇಲ್ಲ. ಮಕ್ಕಳಿಗೆ ಹೊಡೆಯಬಾರದು, ಮಾನಸಿಕ ಹಿಂಸೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಓದು ಬರಹದ ಕಲಿಕಾ ತೊಂದರೆಯನ್ನೂ 2016ರ ಅಂಗವಿಕಲರ ಕಾಯ್ದೆ ಸೇರಿಸಿಕೊಂಡಿದೆ. ಹಳ್ಳಿ ಶಾಲೆಯಲ್ಲಿ ಅದನ್ನು ಗುರುತಿಸುವವರು ಯಾರು? ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಲೆಕ್ಕ ಕೇಳುವ ಮೀಟಿಂಗುಗಳಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ.

ನಾನೀಗ ಇಂಡಿ ತಾಲೂಕಿನ ಒಂದು ಹೈಸ್ಕೂಲಿನ ಮುಖ್ಯ ಶಿಕ್ಷಕಿ. ನನ್ನ ಶಾಲೆಯಲ್ಲಿ ಯಾವ ಮಗುವನ್ನೂ ದಡ್ಡ ಅನ್ನುವ ಹಾಗಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. "ಅಕ್ಕೋರ, ನಮ್ಮ ಹುಡುಗ ಈಗ ಓದತಾನ್ರಿ" ಅಂತ ತಾಯಂದಿರು ಬಂದು ಹೇಳಿದಾಗ ಸರ್ ಕೇಳಿಸಿಕೊಳ್ಳಬೇಕಿತ್ತು ಅನಿಸುತ್ತದೆ.

ಸರ್ ಮನೆಯವರು ಆ ಪೆಟ್ಟಿಗೆಯನ್ನು ಕಾಲೇಜಿಗೆ ಕೊಡಲು ಒಪ್ಪಿದ್ದಾರೆ. ನಮ್ಮ ಬ್ಯಾಚಿನವರು ಬರುವ ಜೂನ್‌ನಿಂದ ಶನಿವಾರಗಳಂದು ಸುತ್ತಲಿನ ಶಾಲೆಗಳಿಗೆ ಹೋಗಬೇಕು ಅಂತಿದ್ದೇವೆ. ಮೊದಲು ಕಿವಿ, ಕಣ್ಣು, ಆಮೇಲೆ ಉಳಿದದ್ದು. ಈಗ ಓದುತ್ತಿರುವವರೂ ಬರಬಹುದು. ಆಸೆ ಇದ್ದವರು ಪ್ರಿನ್ಸಿಪಾಲರ ಹತ್ತಿರ ಹೆಸರು ಕೊಡಿ.